ಮೂವತ್ತಾರಕ್ಕೆ ಇಪ್ಪತ್ತೈದು ಗುಣ

ಹುಲಸೂರಿನಲ್ಲಿ ನನಗೆ ‘ಕಂಪ್ಯೂಟರ್ ಮಾಸ್ತರ’ ಎಂಬ ಹೆಸರಿದೆ. ನಾನು ಯಾವ ಸಾಲಿಯಲ್ಲೂ ಕಲಿಸಿದವನಲ್ಲ. ಊರಿಗೆಲ್ಲ ಎರಡೋ ಮೂರೋ ಕಂಪ್ಯೂಟರು ಇದ್ದ ಕಾಲದಲ್ಲಿ ‘ಟೈಪಿಂಗ್, ಜೆರಾಕ್ಸ್, ಡಿ.ಟಿ.ಪಿ.’ ಎಂದು ಬೋರ್ಡು ತೂಗುಹಾಕಿಕೊಂಡು ಕೂತಿದ್ದೆ, ಅಷ್ಟೇ. ಲಗ್ನಪತ್ರಿಕೆ ನನ್ನ ಮುಖ್ಯ ದಂಧೆ. ಗಡಿಯ ಊರಾದ್ದರಿಂದ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮರಾಠಿ. ಒಂದಕ್ಷರ ತಪ್ಪಿದರೆ ಎರಡು ರಾಜ್ಯಗಳಿಂದ ಬೈಗುಳ. ಆಮೇಲೆ ಮೊಬೈಲು ಬಂತು, ವಾಟ್ಸ್ಆ್ಯಪಿನಲ್ಲೇ ಲಗ್ನಕ್ಕೆ ಕರೆಯುವ ಪದ್ಧತಿ ಬಂತು, ಅಂಗಡಿ ಮುಚ್ಚಿತು. ಹುಲಸೂರ ಬಸವಕಲ್ಯಾಣದಿಂದ ಬೇರೆಯಾಗಿ ತಾನೇ ತಾಲ್ಲೂಕು ಆಯಿತು. ನನ್ನ ಪದವಿಗೆ ಮಾತ್ರ ಬಡ್ತಿ ಸಿಗಲಿಲ್ಲ.

ಅಂಗಡಿಯಿಂದ ಮನೆಗೆ ಬಂದ ಆಸ್ತಿ ಎರಡು: ಒಂದು ಪೆಂಟಿಯಂ ಕಂಪ್ಯೂಟರು, ಒಂದು ಟ್ರಂಕು ತುಂಬ ಕೇಬಲ್ಲು. ಟ್ರಂಕು ನನ್ನದಲ್ಲ. ಹುಮನಾಬಾದಿನ ತವರಿನಿಂದ ನನ್ನ ಹೆಂಡತಿ ಲಗ್ನದಲ್ಲಿ ತಂದದ್ದು. ಮುಚ್ಚಳದ ಮೇಲೆ ಅವಳ ಹೆಸರು ಹಳದಿ ಬಣ್ಣದಲ್ಲಿ ಈಗಲೂ ಇದೆ. ಒಳಗಿರಬೇಕಾದ ಇಳಕಲ್ ಸೀರೆಗಳು ಪ್ಲಾಸ್ಟಿಕ್ ಚೀಲ ಸೇರಿ ಕಪಾಟಿನ ತಳಕ್ಕೆ ಹೋಗಿವೆ. ದೀಪಾವಳಿಗೆ ಮನೆ ಬಳಿಯುವ ಹೊತ್ತಿಗೆ ಈ ಪ್ರಕರಣ ತಪ್ಪದೆ ವಿಚಾರಣೆಗೆ ಬರುತ್ತದೆ.

“ಭಂಗಾರದಾಂವ ಓಣ್ಯಾಗ ಬಂದಾನ. ಕಿಲೋ ಲೆಕ್ಕ ಹಾಕಿ ಕೊಟ್ಟುಬಿಡ್ರಿ.”

“ಏನ್ ಮಾತಾಡ್ತಿ? ಇದರ ಪಿನ್ನಿಗೆ ಬಂಗಾರದ ಲೇಪ ಅದ.”

“ಹೌದಾ? ಹಂಗಾದ್ರ ಕರಗಿಸಿ ನನಗೊಂದು ಮೂಗುತಿ ಮಾಡಿಸ್ರಿ. ಲಗ್ನದಾಗ ಹಾಕ್ತೀವಂದಿದ್ದು ಇನ್ನೂ ಬಾಕಿ ಅದ.”

ಲೇಪ ಇರುವುದು ಖರೆ. ಆದರೆ ಅದರ ದಪ್ಪ ನನ್ನ ಮಾತಿನ ತೂಕಕ್ಕಿಂತ ಕಡಿಮೆ. ಆದ್ದರಿಂದ ವಿಚಾರಣೆ ಪ್ರತಿ ವರ್ಷ ಮುಂದಕ್ಕೆ ಹೋಗುತ್ತಿತ್ತು.

ಹೋದ ಹಂಗಾಮಿನಲ್ಲಿ ಟ್ರಂಕಿಗೆ ಶುಕ್ರದೆಸೆ ಬಂತು. ಹೆಂಡತಿಯ ತಮ್ಮನದು ಹುಮನಾಬಾದಿನ ಕಡೆ ರಸ್ತೆಯ ಬದಿಗೆ ಒಂದು ಕಾಟಾ ಇದೆ. ಲಾರಿ, ಟ್ರ್ಯಾಕ್ಟರು ತೂಗುವ ವೇಬ್ರಿಜ್ಜು. ಸೋಯಾ, ತೊಗರಿ, ಕಬ್ಬು ಯಾವುದು ಬಂದರೂ ಅವನ ಹಲಗೆಯ ಮೇಲೆ ಹತ್ತಿ ಇಳಿಯಬೇಕು. ಹಲಗೆಯ ಕೆಳಗೆ ಲೋಡ್ ಸೆಲ್ಲುಗಳಿರುತ್ತವೆ. ಭಾರ ಬಿದ್ದಾಗ ಅವು ಕೂದಲೆಳೆಯಷ್ಟು ಬಾಗುತ್ತವೆ, ಆ ಬಾಗನ್ನು ಕರೆಂಟಿನ ಲೆಕ್ಕಕ್ಕೆ ತಂದು ಕೋಣೆಯೊಳಗಿನ ಇಂಡಿಕೇಟರು ಎಂಬ ಡಬ್ಬಿ ಕೆಂಪು ಅಂಕಿಗಳಲ್ಲಿ ತೂಕ ತೋರಿಸುತ್ತದೆ. ಡಬ್ಬಿಯ ಬೆನ್ನಿನಿಂದ ಒಂದು ಸೀರಿಯಲ್ ಕೇಬಲ್ಲು ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿಂದ ಟಕಟಕ ಪ್ರಿಂಟರು ಕಾರ್ಬನ್ ಹಾಕಿದ ಚೀಟಿ ಕೊಡುತ್ತದೆ. ರೈತನಿಗೊಂದು, ದಲಾಲಿಗೊಂದು, ಕಾಟಾದವನಿಗೊಂದು. ಮೂರು ಪ್ರತಿ ಒಂದೇ ಏಟಿಗೆ ಬರಬೇಕೆಂದರೆ ಸೂಜಿಯಿಂದ ಹೊಡೆಯುವ ಆ ಹಳೆಯ ಪ್ರಿಂಟರೇ ಬೇಕು. ಲೇಸರು ಹಾಳೆಯನ್ನು ಹೊಡೆಯುವುದಿಲ್ಲ, ಸವರುತ್ತದೆ. ಸೀರಿಯಲ್ ಪೋರ್ಟು ಸತ್ತು ಯಾವುದೋ ಕಾಲವಾಯಿತು ಎಂದು ಪೇಟೆಯವರು ತಿಳಿದಿದ್ದಾರೆ. ಕಾಟಾದ ಕೋಣೆಗೆ, ಹಾಲಿನ ಡೇರಿಗೆ ಅವರು ಬಂದು ನೋಡಿಲ್ಲ.

ಅವನ ಕಂಪ್ಯೂಟರು ಒಂದು ಗುಡುಗಿನ ರಾತ್ರಿ ಹೋಯಿತು. ಹೊಸದು ತಂದ. ಹೊಸದರ ಬೆನ್ನು ನೋಡಿ ನನಗೆ ಫೋನು ಮಾಡಿದ.

“ಮಾಮಾ, ಇದರ ಹಿಂದ ಆ ಮೊಳಿ ಮೊಳಿ ಇರೋ ಜಾಗಾನೇ ಇಲ್ಲ. ನಿಮ್ಮತ್ರ ಟ್ರಂಕು ಅದಲಾ?”

ಸ್ಪೀಕರಿನಲ್ಲಿದ್ದ ಈ ಮಾತು ಹೆಂಡತಿಯ ಕಿವಿಗೆ ಬಿತ್ತು. ತವರಿನವರು ಟ್ರಂಕಿನ ಬಗ್ಗೆ ಗೌರವದಿಂದ ಕೇಳಿದ್ದು ಅದೇ ಮೊದಲು. ನಾನು ಗಂಟಲು ಸರಿಮಾಡಿಕೊಂಡು, “ನೀ ಚಿಂತಿ ಮಾಡಬ್ಯಾಡ, ಎಲ್ಲಾ ಅದ,” ಅಂದೆ. ಆ ‘ಎಲ್ಲಾ’ ಎಂಬುದರಲ್ಲಿ ಏನೇನಿದೆ ಎಂದು ನನಗೆ ನೆನಪಿರಲಿಲ್ಲ.

ಪಡಸಾಲೆಯಲ್ಲಿ ಟ್ರಂಕು ಬಿಚ್ಚಿದೆ. ಓದುಗರಿಗೆ ಇಲ್ಲಿ ಸ್ವಲ್ಪ ಒಳಗಿನ ವಿಷಯ ಹೇಳಬೇಕು, ಇಲ್ಲವಾದರೆ ಮುಂದೆ ನನ್ನ ಮೇಲೆ ಬರುವ ಸಿಟ್ಟು ಬರೀ ನನ್ನ ಮೇಲೇ ಉಳಿಯುತ್ತದೆ. ಹಳೆಯ ಕಂಪ್ಯೂಟರಿನ ಬೆನ್ನಿಗೆ ಇಂಗ್ಲಿಷಿನ ಡಿ ಆಕಾರದ ಲೋಹದ ತುಟಿಗಳಿರುತ್ತವೆ. 1952ರಲ್ಲಿ ಅಮೆರಿಕದ ಕ್ಯಾನನ್ ಕಂಪನಿ ಈ ಆಕಾರ ಮಾಡಿತು. ಒಂದು ಮಗ್ಗುಲು ಅಗಲ, ಇನ್ನೊಂದು ಮಗ್ಗುಲು ಸಣ್ಣ, ಹಾಗಾಗಿ ತಿರುಗುಮುರುಗಾಗಿ ಚುಚ್ಚಲು ಬರುವುದಿಲ್ಲ. ಯಾವ ದಿಕ್ಕಿನಲ್ಲಿ ಚುಚ್ಚಬೇಕು ಎಂಬುದಕ್ಕೆ ಅಷ್ಟು ತಲೆ ಓಡಿಸಿದ ಪುಣ್ಯಾತ್ಮರು ಎಲ್ಲಿ ಚುಚ್ಚಬೇಕು ಎಂಬುದನ್ನು ನಮ್ಮಂಥವರ ಬುದ್ಧಿಗೆ ಬಿಟ್ಟರು.

ಕಂಪ್ಯೂಟರು ಹೊರಗಿನವರೊಡನೆ ಮಾತಾಡುವ ರೀತಿ ಆಗ ಎರಡಿತ್ತು. ಸೀರಿಯಲ್ಲಿನಲ್ಲಿ ಬಿಟ್ಟುಗಳು ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಹೋಗುತ್ತವೆ. ಇದರ ಆರ್‌ಎಸ್-232 ಎಂಬ ನಿಯಮ 1960ರದು, ಕಂಪ್ಯೂಟರು ಮನೆಗೆ ಬರುವುದಕ್ಕಿಂತ ಬಹಳ ಮುಂಚಿನದು. ಪ್ಯಾರಲಲ್ಲಿನಲ್ಲಿ ಎಂಟು ಬಿಟ್ಟು ಎಂಟು ತಂತಿಯಲ್ಲಿ ಏಕಕಾಲಕ್ಕೆ ಹೋಗುತ್ತವೆ. ಇದು 1970ರಲ್ಲಿ ಸೆಂಟ್ರಾನಿಕ್ಸ್ ಎಂಬ ಪ್ರಿಂಟರ್ ಕಂಪನಿ ತಂದದ್ದು. ಅವರು ಪ್ರಿಂಟರಿಗೆ 36 ಪಿನ್ನಿನ ಬಾಯಿ ಇಟ್ಟರು. 1981ರಲ್ಲಿ ಐಬಿಎಂ ತನ್ನ ಪಿಸಿ ಮಾಡುವಾಗ ಅಷ್ಟು ದೊಡ್ಡದು ಯಾಕೆಂದು 25 ಪಿನ್ನಿಗೇ ಕೆಲಸ ಮುಗಿಸಿತು. ಅಲ್ಲಿಯವರೆಗೂ ಸರಿ. ಆದರೆ ಸೀರಿಯಲ್ಲಿಗೂ ಅದೇ 25 ಪಿನ್ನನ್ನೇ ಇಟ್ಟಿತು! ವ್ಯತ್ಯಾಸ ಏನೆಂದರೆ ಕಂಪ್ಯೂಟರಿನ ಬೆನ್ನಿಗೆ ಸೀರಿಯಲ್ಲು ಗಂಡು, ಪ್ಯಾರಲಲ್ಲು ಹೆಣ್ಣು. ಒಂದರಲ್ಲಿ 12 ವೋಲ್ಟಿನ ಆಸುಪಾಸು ಓಡಾಡುತ್ತದೆ, ಇನ್ನೊಂದು 5ಕ್ಕಿಂತ ಹೆಚ್ಚು ತಡೆಯುವುದಿಲ್ಲ.

ನನ್ನ ಗೊಣಗಾಟ ಕೇಳಿ ಜಪದ ಮಣಿ ಕೈಯಲ್ಲಿ ಹಿಡಿದು ಕೂತಿದ್ದ ಅವ್ವ ಈ ಕಡೆ ತಿರುಗಿದಳು.

“ಏನೋ ಅದು, ಗಂಡು ಹೆಣ್ಣು ಅನ್ಲತ್ತಿ?”

“ಮೊಳಿ ಹೊರಗ ಬಂದದ್ದು ಗಂಡು ಅವ್ವಾ, ತೂತು ಇದ್ದದ್ದು…”

“ತಿಳೀತು ತಿಳೀತು, ಬಿಡಿಸಿ ಹೇಳಬ್ಯಾಡ. ಕೂಡ್ಲತ್ತಾವೋ ಇಲ್ಲೋ ಅಷ್ಟು ಹೇಳು.”

“ಪ್ರಿಂಟರಿನ ಕಡಿ 36, ಕಂಪ್ಯೂಟರಿನ ಕಡಿ 25. ಆದ್ರೂ ಕೂಡ್ತದ.”

“36ರಾಗ 25 ಗುಣ ಕೂಡ್ಯಾವು? ಛಲೋ ಸಂಬಂಧನೇ ಅದಲ್ಲೋ! ನಿಮ್ಮಿಬ್ಬರದೂ ಕೂಡಿದ್ದು ಹದಿನೆಂಟೂವರಿ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ಆ ಅರ್ಧ ಗುಣ ಯಾವುದು ಅಂತ ನಾ ಇನ್ನೂ ಹುಡುಕ್ಲತ್ತೀನ್ರಿ ಅತ್ತಿ,” ಎಂಬ ಮಾತು ಹೊರಗೆ ಬಂತು. ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಈ ಸಲ ತುಸು ಜೋರಾಗಿ.

ಬಸವಣ್ಣನವರ ಕಲ್ಯಾಣ ಇಷ್ಟು ಹತ್ತಿರದಲ್ಲಿದ್ದರೂ ನಮ್ಮ ಮಂದಿ ಜಾತಕ ನೋಡುವುದನ್ನು ಬಿಟ್ಟಿಲ್ಲ. ಹಿಂದಿನ ಬಾಗಿಲಿನಿಂದ ಹೋಗಿ ನೋಡಿಸಿಕೊಂಡು ಮುಂದಿನ ಬಾಗಿಲಿನಿಂದ ವಚನ ಹೇಳುತ್ತ ಬರುತ್ತಾರೆ. ಹೀಗಾಗಿ ಅವ್ವನಿಗೆ ಪ್ಯಾರಲಲ್ ಪೋರ್ಟು ತಿಳಿದದ್ದು ನನಗಿಂತ ಬೇಗ. 25 ಪಿನ್ನಿನಲ್ಲಿ 8 ಮಾಹಿತಿಗೆ, 4 ಕಂಪ್ಯೂಟರಿನ ಅಪ್ಪಣೆಗೆ, 5 ಪ್ರಿಂಟರಿನ ತಕರಾರಿಗೆ (ಕಾಗದ ಮುಗಿದಿದೆ, ಕೆಲಸದಲ್ಲಿದ್ದೇನೆ ಇತ್ಯಾದಿ), ಉಳಿದ 8 ಗ್ರೌಂಡಿಗೆ ಎಂದು ಹೇಳಿದೆ. ತಕರಾರು ಹೇಳುವುದಕ್ಕೆ ಅಪ್ಪಣೆಗಿಂತ ಒಂದು ತಂತಿ ಜಾಸ್ತಿ ಕೊಟ್ಟಿರುವುದು ಅವ್ವನಿಗೆ ಬಹಳ ಮೆಚ್ಚುಗೆಯಾಯಿತು.

“ಹಂಗಾದ್ರ ಇದೂ 25, ಅದೂ 25, ಪೂರ್ತಿ ಕೂಡ್ತಾವಲ್ಲ. ಇವೆರಡೂ ಯಾಕ ಕೂಡಿಸಬಾರ್ದು?”

“ಕೂಡಿಸಿದ್ರ ಸುಡ್ತದ ಅವ್ವಾ.”

ಅವ್ವ ಕ್ಷಣ ಯೋಚಿಸಿದಳು. “ಬೆಡಗು ಒಂದೇ ಇರಬೇಕು. ಒಂದೇ ಬೆಡಗಿನೊಳಗ ಲಗ್ನ ಆಗಂಗಿಲ್ಲ ನೋಡು.”

ಈ ಮಾತನ್ನು ಬರೆದಿಟ್ಟುಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಕಷ್ಟ 25ಕ್ಕೇ ನಿಂತಿಲ್ಲ. ಸೀರಿಯಲ್ಲಿನ 25ರಲ್ಲಿ ನಿಜವಾಗಿ ದುಡಿಯುವವು ಮೂರು: ಹೇಳುವುದಕ್ಕೆ ಒಂದು, ಕೇಳುವುದಕ್ಕೆ ಒಂದು, ಗ್ರೌಂಡ್ ಒಂದು. ಉಳಿದವರು ಲಗ್ನಕ್ಕೆ ಬಂದ ಬೀಗರು. ಇದು ಗೊತ್ತಾಗಿ 1984ರಲ್ಲಿ ಐಬಿಎಂ ಪಿಸಿ-ಎಟಿಯಲ್ಲಿ ಸೀರಿಯಲ್ಲನ್ನು 9 ಪಿನ್ನಿಗೆ ಇಳಿಸಿತು. ಇಳಿಸುವಾಗ ಒಂದು ಚೇಷ್ಟೆ ನಡೆಯಿತು. 25ರಲ್ಲಿ ಎರಡನೆಯ ಪಿನ್ನು ಹೇಳುವುದು, ಮೂರನೆಯದು ಕೇಳುವುದು; 9ರಲ್ಲಿ ಎರಡನೆಯದು ಕೇಳುವುದು, ಮೂರನೆಯದು ಹೇಳುವುದು. ಗ್ರೌಂಡು ಏಳರಿಂದ ಐದಕ್ಕೆ ಹೋಯಿತು. ಆ ಕಾಲದ ಕಲರ್ ಮಾನಿಟರಿಗೂ 9 ಪಿನ್ನಿನದೇ ಬಾಯಿ. ಅಮೆರಿಕದ ಇನ್ನೊಂದು ಮೂಲೆಯಲ್ಲಿ ಆ್ಯಪಲ್ಲಿನವರು 1986ರ ಮ್ಯಾಕ್ ಪ್ಲಸ್ಸಿಗೆ ಹಾರ್ಡ್ ಡಿಸ್ಕು ಜೋಡಿಸಲು ಒಂದು 25 ಪಿನ್ನಿನ ಹೆಣ್ಣು ಬಾಯಿ ಇಟ್ಟರು. ನೋಡಲು ನಮ್ಮ ಪ್ರಿಂಟರ್ ಪೋರ್ಟೇ, ಗುಣ ಪೂರ್ತಿ ಬೇರೆ. ಹುಲಸೂರಿಗೆ ಮ್ಯಾಕ್ ಬರಲಿಲ್ಲವೆಂಬುದು ನನ್ನ ಭಾಗ್ಯ.

ನಮ್ಮ ಕನ್ನಡದ ಡಿ.ಟಿ.ಪಿ.ಯವರಿಗೆ ಇನ್ನೊಂದು ವಿಶೇಷ ಇತ್ತು, ‘ಲಾಕ್’. ಕನ್ನಡ ಅಕ್ಷರದ ಸಾಫ್ಟ್‌ವೇರು ಕಳ್ಳತನವಾಗದಿರಲಿ ಎಂದು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಡಾಂಗಲ್ಲನ್ನು ಪ್ಯಾರಲಲ್ ಪೋರ್ಟಿಗೆ ಚುಚ್ಚಬೇಕಿತ್ತು. ಪ್ರಿಂಟರಿನ ಕೇಬಲ್ಲನ್ನು ಅದರ ಬೆನ್ನಿಗೆ. ಒಂದು ಕಡೆ ಗಂಡು, ಒಂದು ಕಡೆ ಹೆಣ್ಣು, ನಡುವೆ ನಿಂತ ಮಧ್ಯಸ್ಥ. ಮಧ್ಯಸ್ಥ ಇಲ್ಲದಿದ್ದರೆ ಕನ್ನಡ ಇಲ್ಲ. ಅಂಗಡಿ ಮುಚ್ಚುವಾಗ ನಾನು ಗಲ್ಲಾದ ಕೀಲಿಗಿಂತ ಇದನ್ನು ಜತನ ಮಾಡಿದ್ದೆ. 1998ರಲ್ಲಿ ‘ಬರಹ’ ಎಂಬ ಸಾಫ್ಟ್‌ವೇರು ಬಂತು, ಆಮೇಲೆ ‘ನುಡಿ’ ಬಂತು, ಲಾಕಿಲ್ಲದೆ ಕನ್ನಡ ಬರತೊಡಗಿತು; ನನ್ನ ಜತನ ಮುಂದುವರಿಯಿತು. ಟ್ರಂಕಿನಲ್ಲಿ ಅದು ಅರಿಶಿನ ಬಟ್ಟೆಯಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಅದು ಹೆಂಡತಿಯ ಕೆಲಸ. ಅಷ್ಟು ದುಡ್ಡು ಕೊಟ್ಟ ವಸ್ತು ದೇವರದೇ ಇರಬೇಕೆಂದು ತಿಳಿದಿದ್ದಳಂತೆ.

ಬಣ್ಣದ ವಿಚಾರದಲ್ಲಿ ಅವಳು ನನಗಿಂತ ಮುಂದೆ. ತೊಂಬತ್ತರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್, ಇಂಟೆಲ್ ಕಂಪನಿಗಳು ಸೇರಿ ಪಿಸಿ-99 ಎಂಬ ಮಾರ್ಗದರ್ಶಿ ಹೊರಡಿಸಿ ಯಾವ ಬಾಯಿಗೆ ಯಾವ ಬಣ್ಣ ಎಂದು ನಿಗದಿ ಮಾಡಿದವು. ಅದಕ್ಕೂ ಮೊದಲೇ ಇವಳು ಅಂಗಡಿಯ ಕಸ ಹೊಡೆಯಲು ಬಂದು, ನಾನು ಕೇಬಲ್ಲು ಹಿಡಿದು ಮೇಜಿನ ಕೆಳಗೆ ಮಲಗಿದ್ದನ್ನು ನೋಡಿ, ಪ್ರಿಂಟರಿನ ಬಾಯಿಗೂ ಅದರ ಕೇಬಲ್ಲಿಗೂ ತನ್ನ ಗುಲಾಬಿ ನೇಲ್ ಪಾಲಿಶ್ ಹಚ್ಚಿಬಿಟ್ಟಿದ್ದಳು. ಮುಂದೆ ಬಂದ ಪೆಂಟಿಯಂ ಮಷೀನಿನಲ್ಲೂ ಪ್ರಿಂಟರ್ ಪೋರ್ಟು ಗುಲಾಬಿಯೇ ಇದ್ದದ್ದನ್ನು ನೋಡಿ, “ನಾ ಹಚ್ಚಿದ್ದು ನೋಡೇ ಮಾಡ್ಯಾರ,” ಅಂದಳು. ಅಲ್ಲ ಎನ್ನಲು ನನ್ನ ಬಳಿ ಪುರಾವೆ ಇರಲಿಲ್ಲ. ಮಾರ್ಗದರ್ಶಿಯಲ್ಲಿ ಸೀರಿಯಲ್ಲಿಗೆ ಹೇಳಿದ ಬಣ್ಣ ನನಗೆ ಹಸಿರೋ ನೀಲಿಯೋ ಇಂದಿಗೂ ತಿಳಿದಿಲ್ಲ. ಅವಳು ಒಂದೇ ನೋಟಕ್ಕೆ, “ರಾಮಾ ಗ್ರೀನ್,” ಅಂದಳು. ಸೀರೆ ಅಂಗಡಿಯಲ್ಲಿ ಕಲಿತವರನ್ನು ಕಂಪನಿಯವರು ಕೆಲಸಕ್ಕೆ ಇಟ್ಟುಕೊಳ್ಳಬೇಕಿತ್ತು.

ಭಾವಮೈದುನ ಇಂಡಿಕೇಟರಿನ ಬೆನ್ನಿನ ಫೋಟೋ ಕಳಿಸಿದ. 25 ಪಿನ್ನು, ಗಂಡು. ನನ್ನ ಬಳಿ ಇದ್ದದ್ದು ಒಂದು ತುದಿಗೆ 9ರ ಹೆಣ್ಣು, ಇನ್ನೊಂದು ತುದಿಗೆ 25ರ ಗಂಡು ಇದ್ದ ಕೇಬಲ್ಲು. ಗಂಡಿಗೆ ಗಂಡು ಕೂಡುವುದಿಲ್ಲ. ಇದಕ್ಕೆ ಎರಡೂ ಮಗ್ಗುಲು ಹೆಣ್ಣಿರುವ ಒಂದು ತುಂಡು ಬರುತ್ತದೆ, ಪೇಟೆಯಲ್ಲಿ ಅದಕ್ಕೆ ಜೆಂಡರ್ ಚೇಂಜರ್ ಅನ್ನುತ್ತಾರೆ. ಅವ್ವನ ಎದುರು ಆ ಹೆಸರು ಹೇಳಲು ಸಂಕೋಚವಾಗಿ ಕಟ್ಟೆಯ ಮೇಲೆ ಹೋಗಿ ನಿಂತು ಬೀದರಿನ ಒಬ್ಬ ಹಳೆಯ ಅಂಗಡಿಯವರಿಗೆ ಫೋನು ಹಚ್ಚಿದೆ. ಅವರಿಗೆ ಕಿವಿ ಮಂದ. ನಾನು ಕೂಗಿದ್ದು ಹೀಗೆ:

“ಎರಡೂ ಕಡಿ ಗಂಡೇ ಅವ್ರೀ! 25ರ ಹೆಣ್ಣು ಬೇಕಾಗ್ಯಾದ! … ಹೊಸಾದೇ ಆಗ್ಬೇಕಂತಿಲ್ಲ, ಎರಡನೇದಾದ್ರೂ ನಡೀತದ್ರಿ! … ರೊಕ್ಕದ್ದು ಬಿಡ್ರಿ, ನೀವು ಹೇಳಿದಷ್ಟು ನಾನೇ ಕೊಡ್ತೀನಿ! ಲಗೂನ ಕಳಸ್ರಿ, ಹಂಗಾಮು ನಡದದ!”

ಪಕ್ಕದ ಮನೆಯ ಕಾಕು ಅಂಗಳದಲ್ಲಿ ಶೇಂಗಾ ಒಣಗಿಸುತ್ತಿದ್ದರು. ಅವರು ತಲೆಯೆತ್ತಲಿಲ್ಲ. ಶೇಂಗಾದ ಮೇಲೆ ಆಡುತ್ತಿದ್ದ ಕೈ ಮಾತ್ರ ನಿಂತಿತು.

ಸಂಜೆಯ ಹೊತ್ತಿಗೆ ಓಣಿಯಲ್ಲಿ ನನ್ನ ಬಗ್ಗೆ ಹೊಸ ಗೌರವ ಹುಟ್ಟಿತ್ತು. ಮಾಸ್ತರ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಮರುಮದುವೆಯ ಸಂಬಂಧವಾದರೂ ಆಗಬಹುದು ಎಂದಿದ್ದಾರೆ. ವರದಕ್ಷಿಣೆ ಕೇಳುವುದಿರಲಿ, ತಾವೇ ಕೊಡುತ್ತೇನೆ ಅಂದಿದ್ದಾರೆ! ಶರಣರ ನೆಲ ಸುಮ್ಮನೆ ಅಲ್ಲ ಎಂದು ಒಬ್ಬ ಹಿರಿಯರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು ಹೇಳಿದರು. ಯಾಕೆ ಹೇಳಿದರೆಂದು ತಿಳಿಯದೆ ನಾನೂ ವಿನಯದಿಂದ ತಲೆ ತಗ್ಗಿಸಿದೆ. ಮರುದಿನ ಕಾಕು ಭಾಲ್ಕಿ ಕಡೆಯ ಒಂದು ಬಯೋಡಾಟಾ ಹಿಡಿದು ಬಂದರು, ಜಾತಕ ಸಮೇತ. ನನ್ನ ಮಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಇನ್ನೂ ಎರಡು ಪೇಪರು ಬಾಕಿ ಇಟ್ಟುಕೊಂಡಿದ್ದಾನೆ. ನಾನು ವಿಷಯ ಬಿಡಿಸಿ ಹೇಳಲು ಹೋದೆ. ‘25 ಪಿನ್ನು’ ಎನ್ನುವಷ್ಟರಲ್ಲಿ ಹೆಂಡತಿ ಅಡ್ಡ ಬಂದು, “ಸುಮ್ಮ ಕೂಡ್ರಿ. ಇಷ್ಟು ವರ್ಷಕ್ಕ ಮಂದಿ ನಿಮಗೊಂದು ಛಲೋ ಮಾತು ಅನ್ಲತ್ತಾರ, ಕೆಡಿಸಬ್ಯಾಡ್ರಿ,” ಅಂದಳು. ಬಯೋಡಾಟಾ ಅವ್ವನ ದಿಂಬಿನ ಕೆಳಗೆ ಸೇರಿತು.

ಬೀದರಿನಿಂದ ಬಸ್ಸಿನ ಕಂಡಕ್ಟರ ಕೈಯಲ್ಲಿ ಹೆಣ್ಣು ಬಂತು. ಅಂದರೆ ಜೆಂಡರ್ ಚೇಂಜರು.

ಹೊಸ ಕಂಪ್ಯೂಟರಿಗೆ ಸೀರಿಯಲ್ ಬಾಯಿಯೇ ಇಲ್ಲವಲ್ಲ, ನನ್ನದನ್ನೇ ಒಯ್ಯಬೇಕು. ಪೆಂಟಿಯಂ ಕಂಪ್ಯೂಟರು, ಟ್ರಂಕು, ಹೆಂಡತಿ, ಮೂರನ್ನೂ ಟಂಟಂನಲ್ಲಿ ಹಾಕಿಕೊಂಡು ಕಾಟಾಕ್ಕೆ ಹೊರಟೆ. ಹೆಂಡತಿ ಬಂದದ್ದು ತಮ್ಮನನ್ನು ನೋಡಲು ಎಂದು ಹೇಳಿದಳು. ತಮ್ಮನಿಗೆ ಅವಳು ಹೇಳಿದ್ದು, “ನಿಮ್ಮ ಮಾಮಾ ಏನ್ ಮಾಡ್ತಾರ ನೋಡ್ಲಿಕ್ಕ ಬಂದೀನಿ,” ಎಂದು.

ಅಲ್ಲಿ ಐದಾರು ಟ್ರ್ಯಾಕ್ಟರು ನಿಂತಿದ್ದವು. ರೈತರೆಲ್ಲ ಕೋಣೆಯ ಕಿಟಕಿಗೆ ಬಂದು ನಿಂತರು. ಮಂದಿ ಸೇರಿದರೆ ನನಗೆ ಜ್ಞಾನ ಉಕ್ಕುತ್ತದೆ. ಇಂಡಿಕೇಟರಿಗೆ ಚೇಂಜರು ಜೋಡಿಸಿದೆ, ಅಲ್ಲಿಗೆ ಅದು 25ರ ಹೆಣ್ಣಾಯಿತು. ಇನ್ನು 9–25ರ ಕೇಬಲ್ಲು ಹಾಕಬೇಕಷ್ಟೆ. ಹಾಗೆ ಹಾಕಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಟ್ರಂಕಿನಲ್ಲಿ ಇನ್ನೊಂದು ಕೇಬಲ್ಲು ಕಣ್ಣಿಗೆ ಬಿತ್ತು. ಎರಡು ಕಂಪ್ಯೂಟರು ಒಂದೇ ಪ್ರಿಂಟರು ಹಂಚಿಕೊಳ್ಳುವ ಸ್ವಿಚ್ ಡಬ್ಬಿಯದು, ಎರಡೂ ತುದಿಗೆ 25ರ ಗಂಡು. ನನ್ನ ಪೆಂಟಿಯಂನ ಬೆನ್ನಿಗೆ 25ರ ಹೆಣ್ಣು ಬಾಯಿ ಇದ್ದೇ ಇದೆ. 25ಕ್ಕೆ 25 ಪೂರ್ತಿ ಕೂಡುವಾಗ 9ಕ್ಕೆ 25ರ ಅರೆಬರೆ ಸಂಬಂಧ ಯಾಕೆ? ಹಾಕಿದೆ. ಏನು ಕೂಡಿತು ಅಂತೀರಿ! ಒಂದಿಷ್ಟೂ ಅಲುಗಾಡಲಿಲ್ಲ. ಎರಡೂ ಕಡೆ ಸ್ಕ್ರೂ ಬಿಗಿದು, “ನೋಡ್ರಿ, ಜೋಡಣಿ ಅಂದ್ರ ಹಿಂಗಿರಬೇಕು,” ಎಂದು ಕಿಟಕಿಯ ಕಡೆ ತಿರುಗಿ ಹೇಳಿದೆ.

ಗುಲಾಬಿ ಬಣ್ಣದ ಬಾಯಿ ಅದು. ಹೆಂಡತಿ ನೋಡಿದಳು. “ಅದು ಪ್ರಿಂಟರಿಂದಲ್ಲೇನ್ರಿ? ನಾ ಹಚ್ಚಿದ ಬಣ್ಣದ್ದು?” ಅಂದಳು. ತವರಿನವರ ಎದುರು ಹೆಂಡತಿಯ ಮಾತು ಕೇಳುವಷ್ಟು ನಾನು ದೊಡ್ಡವನಲ್ಲ. ಸ್ವಿಚ್ಚು ಒತ್ತಿದೆ.

ಸದ್ದೇನೂ ಆಗಲಿಲ್ಲ. ಕರಿದ ವಾಸನೆಯೊಂದು ಬಂತು. 5 ವೋಲ್ಟಿನ ಪ್ಯಾರಲಲ್ ಪೋರ್ಟು 12 ವೋಲ್ಟಿನವನ ಕೈಹಿಡಿದು ತೀರಿಹೋಯಿತು. ಒಂದೇ ಬೆಡಗಿನ ವಿಷಯ ಆಗ ನೆನಪಾಯಿತು. ಕೇಬಲ್ಲು ಬಿಚ್ಚಲು ಹೋದರೆ ಸ್ಕ್ರೂವಿನ ಜತೆ ಕಂಪ್ಯೂಟರಿನ ನಟ್ಟೂ ತಿರುಗಿ ಕಿತ್ತುಕೊಂಡು ಬಂತು. ಈ ಜಾತಿಯ ಕನೆಕ್ಟರುಗಳ ಹಳೆಯ ಚಾಳಿ, ಬಿಗಿದವರಿಗೆ ಗೊತ್ತು. ಬಿದ್ದ ನಟ್ಟು ತೊಗರಿಯಲ್ಲಿ ಸೇರಿಹೋಯಿತು.

ಇನ್ನು ಸರಿಯಾದ ಕೇಬಲ್ಲು. ಗಡಿಬಿಡಿಯಲ್ಲಿ 9ರ ಒಂದು ಪಿನ್ನು ಮಲಗಿತು. ಖಾಲಿ ರೀಫಿಲ್ಲಿನ ಕೊಳವೆಯನ್ನು ಅದರ ಮೇಲೆ ಇಳಿಸಿ ನಿಧಾನ ಎಬ್ಬಿಸಬೇಕು, ಈ ಒಂದು ವಿದ್ಯೆಯಲ್ಲಿ ನಾನು ಪಾರಂಗತ. ಎಬ್ಬಿಸಿ ಜೋಡಿಸಿದೆ. ಪರದೆಯ ಮೇಲೆ ತೂಕ ಬರಲಿಲ್ಲ. ಅರ್ಧ ತಾಸು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಸೀರಿಯಲ್ಲಿನ ಪದ್ಧತಿಯಲ್ಲಿ ಕಂಪ್ಯೂಟರಿನಂಥವು ಗಂಡು, ಮೋಡೆಮ್ಮಿನಂಥವು ಹೆಣ್ಣು. ಎರಡೂ ಕಡೆ ಗಂಡು ಇದೆ ಎಂದರೆ ಇಬ್ಬರೂ ಒಂದೇ ತಂತಿಯಲ್ಲಿ ಹೇಳುತ್ತಾರೆ, ಇಬ್ಬರೂ ಒಂದೇ ತಂತಿಗೆ ಕಿವಿ ಹಚ್ಚಿರುತ್ತಾರೆ. ಎರಡು, ಮೂರನೆಯ ತಂತಿಗಳನ್ನು ಅದಲುಬದಲು ಮಾಡದೆ ಸಂಸಾರ ನಡೆಯುವುದಿಲ್ಲ. ಚೇಂಜರು ಬೇಕಾದಾಗಲೇ ಇದು ತಿಳಿಯಬೇಕಿತ್ತು. ನನ್ನ ಬುದ್ಧಿಯೂ ಸೀರಿಯಲ್ಲೇ, ಒಂದರ ಹಿಂದೆ ಒಂದು ಬರುತ್ತದೆ. ಹುಮನಾಬಾದಿನಿಂದ ಬೆಸುಗೆಯ ಕಡ್ಡಿ ತರಿಸಿ ಎರಡು ತಂತಿ ಬದಲಿಸಿ ಬೆಸುಗೆ ಹಾಕಿದೆ. ಅಂಕಿ ಬಂತು. ಅಂಕಿಯಲ್ಲ, ಪ್ರಶ್ನಾರ್ಥಕ ಚಿಹ್ನೆ, ಡಾಲರು, ಯಾವುದೋ ದೇಶದ ಕೊಂಬಿನ ಅಕ್ಷರ. ಕಿಟಕಿಯಲ್ಲಿದ್ದ ಒಬ್ಬ ರೈತ ಓದಿ ನೋಡಿ, “ಇಷ್ಟು ಕ್ವಿಂಟಲ್ ನಮ್ಮದಲ್ರಿ,” ಅಂದ. ಇಂಡಿಕೇಟರು ಸೆಕೆಂಡಿಗೆ 2400 ಬಿಟ್ಟಿನ ವೇಗದಲ್ಲಿ ಹೇಳುತ್ತಿತ್ತು, ಕಂಪ್ಯೂಟರು 9600ರ ವೇಗದಲ್ಲಿ ಕೇಳುತ್ತಿತ್ತು. ವೇಗ ಎಷ್ಟೆಂದು ಡಬ್ಬಿಯ ತಳಕ್ಕೆ ಚೀಟಿ ಅಂಟಿಸಿದ್ದರು. ಅದನ್ನು ತೋರಿಸಿದವ ಕಾಟಾದ ಹುಡುಗ.

ತೂಕ ಸರಿಯಾಗಿ ಮೂಡಿದಾಗ ಹೊರಗೆ ನೋಡಿದೆ. ಒಂದು ಟ್ರ್ಯಾಕ್ಟರೂ ಇರಲಿಲ್ಲ. ಹುಡುಗ ಬೆಳಗಿನಿಂದ ಇಂಡಿಕೇಟರಿನ ಕೆಂಪು ಅಂಕಿ ನೋಡಿ ಪಾವತಿ ಪುಸ್ತಕದಲ್ಲಿ ಪೆನ್ನಿನಿಂದ ಬರೆದು, ಕಾರ್ಬನ್ ಇಟ್ಟು, ಎಲ್ಲರನ್ನೂ ಕಳಿಸಿಬಿಟ್ಟಿದ್ದ. ನಾನು ಕೇಬಲ್ಲು ಬಿಚ್ಚಿದಾಗಲೆಲ್ಲ ಅವನಿಗೆ ಕೆಲಸ ಸಲೀಸಾಗುತ್ತಿತ್ತಂತೆ.

ವಾರ ಕಳೆದು ಮಗ ಕಲಬುರಗಿಯಿಂದ ಬಂದ, ಬಯೋಡಾಟಾದ ಸುದ್ದಿ ತಿಳಿದು ಒಂದು ಹೊತ್ತು ಮಾತು ಬಿಟ್ಟ. ಆಮೇಲೆ ಆನ್‌ಲೈನಿನಲ್ಲಿ ತರಿಸಿದ ಒಂದು ಗೇಣುದ್ದದ ವೈರು ಕೊಟ್ಟ, ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ 9 ಪಿನ್ನಿನ ಗಂಡು. “ಪಪ್ಪಾ, ಇಷ್ಟೇ ಇತ್ತು. ಅದಕ್ಕ ಟಂಟಂನಾಗ ಸಂಸಾರ ಹೇರ್ಕೊಂಡು ಹೋಗಿದ್ರಿ?” ಭಾವಮೈದುನ ಅದನ್ನು ಹೊಸ ಕಂಪ್ಯೂಟರಿಗೆ ಚುಚ್ಚಿದ, ನನ್ನ ಪೆಂಟಿಯಂ ವಾಪಸು ಬಂತು. ಆದರೆ ಆ ಗೇಣುದ್ದದ ವೈರಿನ ಮುಂದೆ ನಾನು ಬೆಸೆದ ಕೇಬಲ್ಲೇ ಬೇಕು, ಅದರ ಮುಂದೆ ಬೀದರಿನ ಹೆಣ್ಣೇ ಬೇಕು. ಈಗಲೂ ಆ ಎರಡೂ ಅಲ್ಲಿ ದುಡಿಯುತ್ತಿವೆ. ಇದನ್ನು ನಾನು ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಹೇಳುತ್ತೇನೆ.

ಮಗನಿಗೆ ನಮ್ಮ ಕಾಲದವರ ಬುದ್ಧಿಯ ಬಗ್ಗೆ ಮರುಕ. “ಒಂದೇ ಥರ ಬಾಯಿ, ಕೆಲಸ ಬ್ಯಾರೆ ಬ್ಯಾರೆ! ಯಾರು ಮಾಡಿದ್ರು ಇದನ್ನ?” ಎಂದು ನಕ್ಕ. ನಗುತ್ತಲೇ ಫೋನಿನ ಟೈಪ್-ಸಿ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಫೋಟೋ ಹಾಕಿಕೊಳ್ಳಲು ಕೂತ. ಫೋಟೋ ಹೋಗಲಿಲ್ಲ. ಆ ಕೇಬಲ್ಲು ಬರೀ ಚಾರ್ಜಿಂಗಿನದಂತೆ. ಇನ್ನೊಂದು ತಂದ, ಅದು ಫೋಟೋ ಕಳಿಸುತ್ತದೆ, ಟಿವಿಗೆ ಚಿತ್ರ ಕೊಡುವುದಿಲ್ಲ. ಮೂರನೆಯದು ಚಿತ್ರ ಕೊಡುತ್ತದೆ, ಆದರೆ ಆ ಲ್ಯಾಪ್‌ಟಾಪಿನ ಎರಡು ಬಾಯಿಯಲ್ಲಿ ಒಂದಕ್ಕೆ ಮಾತ್ರ. ಎಲ್ಲದರ ಮುಖವೂ ಒಂದೇ. ತಿರುಗುಮುರುಗಾಗಿ ಚುಚ್ಚಿದರೂ ಹೋಗುತ್ತದೆ, ಅಷ್ಟು ಸುಧಾರಣೆಯಾಗಿದೆ. ಪಿನ್ನು ಎಷ್ಟು ಎಂದು ಕೇಳಿದೆ. 24 ಅಂದ. ಅವ್ವ ದಿಂಬಿನ ಕಡೆಯಿಂದ, “ಒಂದು ಗುಣ ಕಡಿಮಿ ಆಯ್ತು,” ಅಂದಳು.

ಅವನ ಕೇಬಲ್ಲುಗಳಿಗೆ ಜಾಗ ಬೇಕೆಂದು ಈಗ ಹೆಂಡತಿ ಟ್ರಂಕು ಖಾಲಿ ಮಾಡಿಸುತ್ತಿದ್ದಾಳೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಪ್ರಿಂಟರಿನ 25–36ರ ಕೇಬಲ್ಲು, ಸ್ವಿಚ್ ಡಬ್ಬಿಯ ಗಂಡು-ಗಂಡು ಕೇಬಲ್ಲು, ಕನ್ನಡದ ಲಾಕು, ಯಾವುದು ಬೇಕಿದ್ದರೂ ಹುಲಸೂರಿಗೆ ಬನ್ನಿ, ಬಸ್ ಸ್ಟ್ಯಾಂಡಿನಲ್ಲಿ ಕಂಪ್ಯೂಟರ್ ಮಾಸ್ತರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಕೇಬಲ್ಲಿಗೆ ರೊಕ್ಕ ಬೇಡ. ಒಯ್ಯುವಾಗ ಮಾತ್ರ ನನ್ನ ಹೆಂಡತಿಯ ಎದುರಿಗೆ ಒಂದು ಐನೂರು ರೂಪಾಯಿ ನನ್ನ ಕೈಯಲ್ಲಿಡಿ. ಓಣಿಯ ತಿರುವಿನಲ್ಲಿ ವಾಪಸು ಕೊಡುತ್ತೇನೆ. ಮತ್ತೆ ಬರುವ ಮುಂಚೆ ಫೋನು ಮಾಡಬೇಡಿ, ಕಾಕು ಅಂಗಳದಲ್ಲೇ ಇರುತ್ತಾರೆ.